ಹೆಸರು ಬರೆಯುವ ಜಾಗ

ಮೈಕು ಹಿಡಿದ ಅಧಿಕಾರಿ ಮೊದಲ ಹೆಸರು ಓದಲು ಬಾಯಿ ತೆರೆದವರು, ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಆಸ್ಪತ್ರೆಯ ಆಯಾ, ತೊಡೆಯ ಮೇಲಿನ ಚೀಲವನ್ನು ಬಿಗಿಯಾಗಿ ಹಿಡಿದು ಕಾದಳು.

ರಾತ್ರಿಯ ಕೊನೆಯ ಬಸ್ಸನ್ನು ರದ್ದು ಮಾಡುವ ಬಗ್ಗೆ ಜನಾಭಿಪ್ರಾಯ ಬೇಕೆಂದು ಸಾರಿಗೆ ಇಲಾಖೆ ಅಂತರ್ಜಾಲದಲ್ಲಿ ಒಂದು ಪುಟ ತೆರೆದಿತ್ತು. ಅದರಲ್ಲಿದ್ದದ್ದು ‘ಒಪ್ಪಿಗೆ’ ಎಂಬ ಒಂದೇ ಗುಂಡಿ, ಹೆಸರು ಬರೆಯಲು ಒಂದಿಷ್ಟು ಜಾಗ. ಬೇಡ ಅನ್ನುವವರಿಗೆ ಬಾಗಿಲೇ ಇರಲಿಲ್ಲ. ಸಾವಿರಾರು ಜನ ಒಪ್ಪಿದ್ದಾರೆಂದು ಹಿಗ್ಗಿ ಹೀರೇಕಾಯಿಯಾದ ಅಧಿಕಾರಿ, ಪಟ್ಟಿಯತ್ತ ಕಣ್ಣೂ ಹಾಯಿಸದೆ, “ಅಷ್ಟೂ ಜನರ ಹೆಸರು ನಾನೇ ಓದ್ತೀನಿ” ಎಂದು ಈಗಷ್ಟೇ ಸಾರಿದ್ದರು. ಪಟ್ಟಿಯೋ, ಅವರ ಬೆನ್ನ ಹಿಂದಿನ ಪರದೆಯ ಮೇಲೆ ಸಭೆಗೆಲ್ಲ ಕಾಣುವಂತೆ ಬೆಳಗುತ್ತಿತ್ತು.

“ಓದಿ ಸಾರ್!” ಹಿಂದಿನಿಂದ ಯಾರೋ ಕೂಗಿದರು.

ಅಧಿಕಾರಿ ಕೆಮ್ಮಿ, ಪರದೆಯ ಮೇಲಿನ ಮೊದಲ ಸಾಲು ಓದಿದರು. “ರಾತ್ರಿ ಪಾಳಿ ಮುಗಿಸಿ ನಾವೇನು ಹಾರ್ಕೊಂಡು ಮನೆಗೆ ಹೋಗ್ಬೇಕಾ.” ಸಭೆ ಗೊಳ್ಳೆಂದು ನಕ್ಕಿತು. “ಬಸ್ ನಿಲ್ಲಿಸೋರು ಒಂದಿನ ಆ ಕತ್ತಲಲ್ಲಿ ನಡ್ಕೊಂಡು ಬಂದು ತೋರಿಸ್ಲಿ.” ಈ ಸಲ ಯಾರೂ ನಗಲಿಲ್ಲ. ಅಧಿಕಾರಿಯ ಮುಖ ಇಂಗು ತಿಂದ ಮಂಗನಂತಾಯಿತು. “ಏನ್ರೀ ಇದು? ಇವೆಲ್ಲ ಹೆಸರುಗಳಾ?”

“ಬರೆಯೋಕೆ ನೀವು ಕೊಟ್ಟಿದ್ದು ಅದೊಂದೇ ಜಾಗ ಅಲ್ವಾ ಸಾರ್?” ಆಯಾ ಎದ್ದು ನಿಂತಳು.

ಅವರು ಮೈಕನ್ನು ಮೇಜಿನ ಮೇಲೆ ಕುಕ್ಕಿ ಹೊರಡಲು ತಿರುಗಿದರು. ಆಯಾ ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು, ಮೈಕನ್ನೆತ್ತಿ ಮತ್ತೆ ಅವರ ಕೈಗೇ ಕೊಟ್ಟಳು.

“ಎಲ್ಲಿಗೆ ಹೊರಟ್ರಿ? ಓದಿ. ನನ್ನ ಹೆಸರು ಇನ್ನೂ ಬಂದಿಲ್ಲ.”