ಅವನು ಹಾಕಿಹೋದ ಸ್ವಿಚ್ಚು

ಮಣ್ಣು ಮಾಡಲು ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿದ್ದರು. ಬೆಳಿಗ್ಗೆ ಹಾಲಿನವನು ಎಂದಿನಂತೆ ಬಾಗಿಲು ಬಡಿದ, ನಳಕ್ಕೆ ನೀರು ಬಂತು. ಸುನಂದಾ ಕೊಡ ತುಂಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ಪಡಸಾಲೆಗೆ ಬಂದಳು. ಅತ್ತೆ ಭೀಮಬಾಯಿ ಸ್ವಿಚ್ ಬೋರ್ಡಿಗೆ ಅಡ್ಡವಾಗಿ ಕುಳಿತಿದ್ದಳು.

“ಅದನ್ನ ಮುಟ್ಟಬ್ಯಾಡ.”

ಬೋರ್ಡಿನ ಕೆಳಗೆ, ಹಲಗೆಯ ಮೇಲೆ ಒಂದು ಪುಟ್ಟ ಮೋಟಾರು ಗುಂಯ್ಗುಡುತ್ತ ತಿರುಗುತ್ತಿತ್ತು. ಅದರ ಕೊಕ್ಕೆಯಲ್ಲಿ ನೂಲಿರಲಿಲ್ಲ. ಭೀಮಬಾಯಿ ಲಿಂಗದ ಕರಡಿಗೆಗೆ ಕಟ್ಟುವ ಶಿವದಾರ ಹೊಸೆದು ಗುಡಿ ಮುಂದಿನ ಅಂಗಡಿಗೆ ಕೊಡುತ್ತಿದ್ದಳು. ಅವಳ ಮಣಿಕಟ್ಟು ನೋಯುತ್ತದೆಂದು ಮಗ ರೇವಣ ಇದನ್ನು ಕಟ್ಟಿದ್ದ. ಹಳೆಯ ಪ್ರಿಂಟರಿನಿಂದ ಕಿತ್ತ ಸ್ಟೆಪ್ಪರ್ ಮೋಟಾರು. ಓಡಿಸಲು ಬೇರೆ ಎಲೆಕ್ಟ್ರಾನಿಕ್ ಕಾರ್ಡೇ ಬೇಕೆಂದು ಎಲ್ಲರೂ ಹೇಳಿದ್ದರು. ಅವನು ಒಂದು ಟ್ರಾನ್ಸ್‌ಫಾರ್ಮರ್, ಒಂದು ಕೆಪ್ಯಾಸಿಟರ್ ಇಟ್ಟು ಮನೆಯ ಕರೆಂಟಿನಿಂದಲೇ ತಿರುಗಿಸಿದ್ದ. ಅಂದು ಮುಂಜಾನೆ ಸ್ವಿಚ್ ಹಾಕಿ, “ಅವ್ವಾ, ಇನ್ನ ನೂಲು ಹಚ್ಚು” ಎಂದು ಬೈಕ್ ಹತ್ತಿ ಹೋದವನು ಹುಮನಾಬಾದ ರಸ್ತೆಯಿಂದ ಆಂಬುಲೆನ್ಸಿನಲ್ಲಿ ಬಂದಿದ್ದ. ಆಮೇಲೆ ಆ ಸ್ವಿಚ್ಚನ್ನು ಮುಟ್ಟಲು ಭೀಮಬಾಯಿ ಯಾರನ್ನೂ ಬಿಟ್ಟಿರಲಿಲ್ಲ. ಕರೆಂಟು ಹೋದಾಗ ಮೋಟಾರು ನಿಲ್ಲುತ್ತಿತ್ತು, ಬಂದಾಗ ತಾನಾಗಿಯೇ ಹೊರಡುತ್ತಿತ್ತು.

“ಅತ್ತಿ, ಟ್ರಾನ್ಸ್‌ಫಾರ್ಮರ್ ನಮ್ದಲ್ಲ. ಕಮಲಾಪುರದ ದಾನಿಶ್ ಭಾಯ್ ಅಂಗಡಿದು. ಎರಡು ದಿನಕ್ಕಂತ ಇವರು ಇಸಗೊಂಡು ಬಂದಿದ್ರು.”

“ಅವ ಕೇಳ್ಯಾನೇನು?”

“ಈಗ ಫೋನ್ ಮಾಡಿದ್ರು. ನಿಮ್ಮ ಆರಾಮ ಕೇಳಿದ್ರು, ಚಾ ಕುಡದೀರೇನಂದ್ರು, ಇಟ್ರು.”

“ಮತ್ತ ಕೇಳಿಲ್ಲಲ್ಲ.”

“ಅದಿಲ್ಲದ ಅವರ ರಿಪೇರಿ ಕೆಲಸ ಎಲ್ಲಾ ನಿಂತದ ಅತ್ತಿ. ಸತ್ತವರ ಮನಿ ಅಂತ ಬಾಯಿ ಬಿಡವಲ್ರು. ರೇವಣ ಇಸಗೊಂಡದ್ದು ಕೊಡದs ಹೋದ ಅಂತ ನಾಳೆ ಯಾರರೇ ಅಂದ್ರ?”

ಭೀಮಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಮಗ ಬ್ಯಾರೆದು ತರ್ತೀನಿ ಅತ್ತಿ. ಮತ್ತ ಹಿಂಗs ತಿರಗ್ತದ.”

“ತಂದು? ಸ್ವಿಚ್ ಹಾಕಾಕ ಅವ ಬರ್ತಾನೇನು?”

ಸುನಂದಾ ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಈ ಮೋಟಾರು ಯಾಕೆ ತಿರುಗುತ್ತದೆಂದು ರೇವಣನಿಗೆ ಹೇಳಿಕೊಟ್ಟವಳು ಫಿಸಿಕ್ಸ್ ಓದಿದ ಅವಳೇ. ಮೋಟಾರಿನ ಎರಡು ಸುರುಳಿಗಳಿಗೂ ಕರೆಂಟು ಒಟ್ಟಿಗೆ ಮುಟ್ಟಿದರೆ ಅದು ಇದ್ದಲ್ಲೇ ನಡುಗುತ್ತದೆ, ಅಷ್ಟೇ. ಕೆಪ್ಯಾಸಿಟರ್ ಇಟ್ಟರೆ ಒಂದಕ್ಕೊಂದು ಹಿಂದುಮುಂದಾಗುತ್ತದೆ, ಆಗ ತಿರುಗುತ್ತದೆ. “ಅಂದ್ರ ಒಬ್ಬರು ತಡಾ ಮಾಡಿದ್ರನs ಸಂಸಾರ ನಡೀತದ. ನಾ ಲೇಟ್ ಬಂದ್ರ ಯಾಕ ಬೈತಿ ಮತ್ತ?” ಎಂದು ನಕ್ಕಿದ್ದ.

“ಅತ್ತಿ, ಕರೆಂಟ್ ಹೋಗಲಿ. ಆವಾಗ ತೆಗೀತೀನಿ,” ಎಂದಳು. “ಸ್ವಿಚ್ ಮುಟ್ಟಂಗಿಲ್ಲ. ಅವರು ಹಾಕಿದ್ದು ಹಂಗs ಇರಲಿ.”

ಭೀಮಬಾಯಿ ಸೊಸೆಯ ಕಡೆ ತಿರುಗಿದಳು. “ಹೋಗಲಿಲ್ಲಂದ್ರ?”

“ನಮ್ಮ ಬ್ರಹ್ಮಪುರದಾಗ ಹೋಗದೇ ಇರ್ತದೇನು?”

ಇಬ್ಬರೂ ಕಾದರು. ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಒಮ್ಮೆಲೇ ಗುಂಯ್ಗುಟ್ಟುವುದು ನಿಂತಿತು. ಅಡುಗೆಮನೆಯ ಫ್ರಿಜ್ಜೂ ಸುಮ್ಮನಾಯಿತು. ಸುನಂದಾ ಸಾಕೆಟ್ಟಿಗೆ ಬೆಂಕಿಕಡ್ಡಿಯಿಂದ ಸಿಗಿಸಿದ್ದ ತಂತಿಗಳನ್ನು ಎಳೆದು, ಮೋಟಾರಿನ ಕಡೆಯ ಸ್ಕ್ರೂ ಸಡಿಲಿಸಿ ಟ್ರಾನ್ಸ್‌ಫಾರ್ಮರನ್ನು ಬಿಡಿಸಿಕೊಂಡಳು. ಅಷ್ಟು ಹೊತ್ತೂ ಭೀಮಬಾಯಿ ಸ್ವಿಚ್ಚಿಗೆ ಅಂಗೈ ಅಡ್ಡ ಹಿಡಿದಿದ್ದಳು, ಸೊಸೆಯ ಬೆರಳು ತಪ್ಪಿಯೂ ತಗುಲಬಾರದೆಂದು.

ಸುನಂದಾ ಚಪ್ಪಲಿ ಮೆಟ್ಟುವಾಗ ಕರೆಂಟು ಬಂತು. ಪಕ್ಕದ ಮನೆಯ ಮಿಕ್ಸರ್ ಕಿರುಚಿತು. ಪಡಸಾಲೆಯ ಮೂಲೆಯಲ್ಲಿ ಏನೂ ಆಗಲಿಲ್ಲ. ಭೀಮಬಾಯಿ ಅತ್ತ ತಿರುಗಲಿಲ್ಲ. ನೂಲಿನ ಉಂಡೆ ಎಳೆದುಕೊಂಡು, ತೊಡೆಯ ಮೇಲೆ ಎಳೆ ಹೊಸೆಯತೊಡಗಿದಳು.

ಕಮಲಾಪುರದ ಬಸ್ಸು ತಡವಾಗಿ ಬಂತು. ನಿಲ್ದಾಣದ ಚಳಿಗಾಳಿಯಲ್ಲಿ ಕಾಯುವಷ್ಟರಲ್ಲಿ ಕೈಚೀಲದೊಳಗಿನ ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಬಸ್ಸು ಹುಮನಾಬಾದ ರಸ್ತೆ ಹಿಡಿದ ಕೂಡಲೇ ಅವಳು ಅದನ್ನು ಹೊರತೆಗೆದು, ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡಳು. ಕಮಲಾಪುರ ಬರುವತನಕ ಎರಡೂ ಕೈ ಬಿಡಲಿಲ್ಲ. ಕಿಟಕಿಯ ಹೊರಗೆ ನೋಡಲಿಲ್ಲ.

ದಾನಿಶ್ ಅಂಗಡಿಯಿಂದ ದಡಬಡಿಸಿ ಇಳಿದು ಬಂದ. ಹಿಂದೆ ಮೇಜಿನ ಮೇಲೆ ಬಿಚ್ಚಿಟ್ಟ ಆಂಪ್ಲಿಫೈಯರುಗಳು ಒಂದರ ಮೇಲೊಂದು ಬಿದ್ದಿದ್ದವು.

“ಯಾ ಅಲ್ಲಾ! ನೀವ್ಯಾಕ ಬರಾಕ ಹೋದ್ರಿ ಭಾಭಿ? ನಾ ಏನರೆ ಕೇಳಿದ್ನೇನು?”

“ಕೇಳಲಿಲ್ಲಲ್ಲ, ಅದಕ್ಕs ತಂದೀನಿ.”

ಅವನು ತಲೆ ತಗ್ಗಿಸಿ ಎರಡೂ ಕೈ ಚಾಚಿದ. ಅವಳು ಸೆರಗು ಸರಿಸಿ ಟ್ರಾನ್ಸ್‌ಫಾರ್ಮರನ್ನು ಅವನ ಅಂಗೈಯಲ್ಲಿಟ್ಟಳು. ದಾನಿಶ್ ತಿರುಗಿಸಿ ನೋಡಿ ಹುಬ್ಬೇರಿಸಿದ.

“ಇನ್ನಾ ಬಿಸಿ ಅದಲ್ಲ ಭಾಭಿ. ಈಗರೇ ಬಂದ್ ಮಾಡೀರೇನು?”

“ಇಲ್ಲರೀ,” ಎಂದಳು ಸುನಂದಾ. “ಬಂದ್ ಮಾಡಿಲ್ಲ.”