ತಲೆನೋವು ಎಂದಿನಿಂದ?

"ದೊಡ್ಡ ಡಾಕ್ಟ್ರು ಸೋಮವಾರ ಬರ್ತಾರ್ರಿ. ಇವತ್ತ ಐತವಾರ," ಎಂದಳು ಸಿಸ್ಟರ್ ಪದ್ಮಶ್ರೀ. ಗೋಕಾಕಿನ ಆ ದವಾಖಾನೆಯ ಮಂಚದ ಮೇಲೆ ಪಾರವ್ವನ ಮಗಳು ಶೋಭಾ, ಎಂಟು ತಿಂಗಳ ಬಸುರಿ, ಹಲ್ಲು ಕಚ್ಚಿಕೊಂಡು ಮೈಯೆಲ್ಲ ಸೆಟೆದು ನಡುಗುತ್ತಿದ್ದಳು. ಸಿಸ್ಟರ್ ಇದ್ದ ಇಂಜೆಕ್ಷನ್ ಚುಚ್ಚಿ, ಮೂವರು ಡಾಕ್ಟರರಿಗೆ ಫೋನು ಹಚ್ಚಿದಳು. ಒಬ್ಬರು ಎತ್ತಲಿಲ್ಲ, ಒಬ್ಬರು ಲಗ್ನದಲ್ಲಿದ್ದರು, ಮತ್ತೊಬ್ಬರು ಬೆಳಗಾವಿಗೆ ಒಯ್ಯಿರಿ ಎಂದರು. ರೋಗಕ್ಕೆ ಎಲ್ಲಿಯ ಐತವಾರ, ಎಲ್ಲಿಯ ಸೂಟಿ! ಆಂಬ್ಯುಲೆನ್ಸ್ ಬರುವುದರೊಳಗೆ ಶೋಭಾಳ ಉಸಿರು ನಿಂತಿತ್ತು. ಹೊಟ್ಟೆಯೊಳಗಿನ ಕೂಸೂ ತಾಯಿಯ ಹಿಂದೆಯೇ ಹೋಯಿತು.

ಪಾರವ್ವ ಅಳಲಿಲ್ಲ. ಅಳು ಎಲ್ಲಿಂದ ಬರಬೇಕು? ಅವಳ ಜೀವವೆಲ್ಲ ಶುಕ್ರವಾರಕ್ಕೆ ಸಿಕ್ಕಿಕೊಂಡಿತ್ತು. ಅಂದು ಮುಂಜಾನೆ ಆಶಾ ಕಾರ್ಯಕರ್ತೆ ದುಂಡವ್ವ ಕುಲಗೋಡದ ಮನೆಗೆ ಬಂದು, "ಕಾಲು ಬಾತಾವು, ತಲಿ ಸಿಡ್ಯಾಕತ್ತೈತಿ ಅಂತಾಳ, ಕಣ್ಣ ಮಂಜ ಆಗ್ಯಾವು. ಈಗಿಂದೀಗ ಗೋಕಾಕಕ್ಕ ನಡೀರಿ," ಎಂದು ಬಾಯಿ ಬಡಕೊಂಡಿದ್ದಳು.

"ನಿನಗೇನ ತಿಳೀತೈತಿ, ದುಂಡವ್ವಾ? ಶುಕ್ರವಾರ ಮನಿ ಮಗಳನ್ನ ಹೊಸ್ತಿಲಾ ದಾಟಸ್ತಾರೇನ? ಲಕ್ಷ್ಮೀನ್ನ ಹೊರಗ ಹಾಕಿದಂಗ," ಎಂದು ಪಾರವ್ವ ಮಗಳ ಹಣೆಗೆ ಸುಂಠಿ ತೇಯ್ದು ಹಚ್ಚಿದ್ದಳು. ಶನಿವಾರ ನೋವು ತುಸು ಇಳಿದಂತೆ ಕಂಡಿತು. ಇಳಿದಿರಲಿಲ್ಲ, ಅವ್ವನ ಸಮಾಧಾನಕ್ಕೆ ಮಗಳು ಹೂಂ ಅಂದಿದ್ದಳು ಅಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಬುದ್ಧಿ ಈಗ ಬಂದೂ ಏನು ಬಂತು?

ಹುಕ್ಕೇರಿಯಿಂದ ಓಡಿ ಬಂದ ಅಳಿಯ ಮಹಾಂತೇಶ, ಹೆಂಡತಿಯ ಮುಖ ನೋಡಿದವನೇ ಸಿಸ್ಟರ್ ಮೇಲೆ ಏರಿ ಹೋದ. "ಐತವಾರ ಡಾಕ್ಟರಿಲ್ಲಂದ್ರ ದವಾಖಾನಿ ಬಾಗಲಾ ಯಾಕ ತಗೀತೀರಿ? ನನ್ನ ಹೆಂಡ್ತೀನ್ನ ಕೊಂದ್ರಿ ನೀವು!"

ಪದ್ಮಶ್ರೀ ಗೋಡೆಗೆ ಸರಿದಳು. ಅವಳ ಕಣ್ಣಲ್ಲೂ ನೀರಿತ್ತು. "ಅಣ್ಣಾರ, ಬಿ.ಪಿ. ಏರಿ ಹಿಂಗಾಗೈತ್ರಿ. ಕಾಲಿಗೆ ಇಷ್ಟ ಬಾವು ಒಂದ ದಿನದಾಗ ಬರೂದಿಲ್ರಿ. ಎರಡ ದಿನ ಮದ್ಲ ಬಂದಿದ್ರ ಡಾಕ್ಟ್ರು ಇಲ್ಲೇ ಇದ್ರು," ಎಂದು ಪಾರವ್ವನ ಕಡೆ ತಿರುಗಿದಳು. "ಅವ್ವಾರ, ನೀವರ ಖರೆ ಹೇಳ್ರಿ. ತಲಿನೋವು ಎಂದಿನಿಂದ ಇತ್ರಿ?"

ಮಹಾಂತೇಶನೂ ತಿರುಗಿ ನೋಡಿದ. "ಹೇಳ್ರಿ ಅತ್ತಿ."

ಪಾರವ್ವ ಚಾದರ ಎಳೆದು ಮಗಳ ಬಾತ ಪಾದಗಳನ್ನು ಮುಚ್ಚಿದಳು.

"ಇವತ್ತ ಮುಂಜಾನಿಂದ," ಎಂದಳು.