ಪಟಾಕಿ ಹೊಡೆದ ಮಧ್ಯಾಹ್ನ

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ಬ್ಯಾಡಗಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕೊಲೆ ಆರೋಪದ ಮೇಲೆ ಹಿಡಿದಿದ್ದ ಇಬ್ಬರನ್ನು ಪೊಲೀಸರು ಕೋರ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡಿಟ್ಟು ಕೊಂದಿದ್ದರು. ನಮ್ಮ ಓಣಿಯಲ್ಲಿ ಪಟಾಕಿ ಸಿಡಿಯುತ್ತಿತ್ತು. ಅಪ್ಪ ಬಿಸಿ ಜಿಲೇಬಿ ತಂದು ನನ್ನ ಬಾಯಿಗಿಟ್ಟರು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು.

“ಆ ಕೊಲಿ ಮಾಡಿದವ್ರು ಅವರ ಅಂತ ನಿನಗ ಯಾರ ಹೇಳಿದ್ರೋ?”

“ಟೀವ್ಯಾಗ ತೋರಿಸಾಕತ್ತಾರಲ್ಲಬೇ.”

“ರಾಣೆಬೆನ್ನೂರಾಗ ನಿಮ್ಮಣ್ಣನ್ನ ಕಳ್ಳ ಅಂತ ಕಂಬಕ್ಕ ಕಟ್ಟಿ ಹೊಡಿಯುವಾಗ, ‘ಮೊದಲ ವಿಚಾರಿಸ್ರಿ’ ಅಂತ ಮಂದಿ ಕಾಲಿಗೆ ಬಿದ್ದಾಂವ ನೀನ ಅಲ್ಲೇನೋ?”

ಅಪ್ಪ ಜಿಲೇಬಿ ಪೊಟ್ಟಣ ಮಡಚಿದರು. ಬಾಯಲ್ಲಿದ್ದುದನ್ನು ನುಂಗಲೋ ಉಗುಳಲೋ ತಿಳಿಯದೆ ನಾನು ಅಜ್ಜಿಯ ಮುಖ ನೋಡಿದೆ.

“ನುಂಗ ಅತ್ಲಾಗ,” ಎಂದಳು ಅಜ್ಜಿ ಬೇಸತ್ತು. “ನಿನ್ನ ಕೇಳಿ ಕೊಂದಾರೇನ?”